ಮಗುವಿನ ವೃಷಣ ಚೀಲಕ್ಕೆ ಇಳಿಯದಿದ್ದರೆ: ತಂದೆತಾಯಂದಿರು ಯಾವಾಗ, ಏನು ಮಾಡಬೇಕು

ವೃಷಣಕ್ಕೆ ಸಂಬಂಧಿಸಿದ ಹುಟ್ಟುದೋಷಗಳಲ್ಲಿ ಅತ್ಯಂತ ಸಾಮಾನ್ಯವಾದುದು, ಒಂದು ಅಥವಾ ಎರಡೂ ವೃಷಣಗಳು ಚೀಲಕ್ಕೆ ಇಳಿಯದೆ ಮೇಲೆಯೇ ಉಳಿದುಬಿಡುವುದು. ಆಸ್ಪತ್ರೆಯ ಚೀಟಿಯಲ್ಲಿ ಇದನ್ನು ‘ಅನ್‌ಡಿಸೆಂಡೆಡ್ ಟೆಸ್ಟಿಸ್’ ಎಂದೋ ಚುಟುಕಾಗಿ ‘ಯುಡಿಟಿ’ ಎಂದೋ ಬರೆದಿರುತ್ತಾರೆ. ಮನೆಗಳಲ್ಲಿ ‘ಮಗುವಿಗೆ ಒಂದೇ ಬೀಜ’ ಎಂದು ತಗ್ಗಿದ ದನಿಯಲ್ಲಿ ಹೇಳಿ ಮಾತು ಮುಗಿಸುತ್ತಾರೆ. ತುಂಬು ತಿಂಗಳಿಗೆ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು 3 ಮಂದಿಗೆ ಈ ತೊಂದರೆ ಇರುತ್ತದೆ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಈ ಪ್ರಮಾಣ ನೂರಕ್ಕೆ 30ರವರೆಗೂ ಹೋಗಬಹುದು. ಹೆಚ್ಚಿನ ಮಕ್ಕಳಲ್ಲಿ ಮೊದಲ ಮೂರು ತಿಂಗಳೊಳಗೆ ವೃಷಣ ತಾನಾಗಿಯೇ ಇಳಿಯುತ್ತದೆ, ಹೀಗಾಗಿ ಒಂದು ವರ್ಷ ತುಂಬುವ ಹೊತ್ತಿಗೆ ನೂರರಲ್ಲಿ ಒಬ್ಬನಷ್ಟೇ ಉಳಿಯುತ್ತಾನೆ. ಆ ಒಬ್ಬನಿಗೆ ಬೇಕಾದುದು ಸಕಾಲದ ಚಿಕಿತ್ಸೆ. ಆರು ತಿಂಗಳಿಗೆ ಮಕ್ಕಳ ಶಸ್ತ್ರಚಿಕಿತ್ಸಕರನ್ನು ಕಾಣಬೇಕು, ಸಾಧ್ಯವಾದರೆ ಒಂದು ವರ್ಷದೊಳಗೆ, ಹೆಚ್ಚೆಂದರೆ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮುಗಿದಿರಬೇಕು. ‘ದೊಡ್ಡವನಾದಂತೆ ಇಳಿಯುತ್ತದೆ, ಈಗಲೇ ಕೂಸಿಗೆ ಕತ್ತರಿ ಹಾಕಿಸಬೇಡಿ’ ಎಂಬ ಹಿರಿಯರ ಮಾತು ಮೊದಲ ಆರು ತಿಂಗಳ ಮಟ್ಟಿಗೆ ಸರಿ. ಅದರಾಚೆಗೆ ಅದೇ ಮಾತು ಮಗುವಿಗೆ ನಷ್ಟ ಮಾಡುತ್ತದೆ.

ಕಾರಣ ತಿಳಿದರೆ ಈ ಗಡುವು ಏಕೆಂಬುದೂ ಅರ್ಥವಾಗುತ್ತದೆ. ಭ್ರೂಣದಲ್ಲಿ ವೃಷಣ ಹುಟ್ಟುವುದು ಚೀಲದಲ್ಲಲ್ಲ, ಹೊಟ್ಟೆಯೊಳಗೆ ಮೂತ್ರಪಿಂಡದ ಹತ್ತಿರ. ಗರ್ಭದ ಮೊದಲರ್ಧದಲ್ಲೇ ಅದು ತೊಡೆಸಂದಿನ ಒಳಬಾಗಿಲ ತನಕ ಬಂದು ನಿಲ್ಲುತ್ತದೆ. ಸುಮಾರು 25ನೇ ವಾರದಿಂದ 35ನೇ ವಾರದ ನಡುವೆ, ಗಂಡು ಹಾರ್ಮೋನುಗಳ ಪ್ರಭಾವದಲ್ಲಿ, ತೊಡೆಸಂದಿನ ಕಾಲುವೆಯನ್ನು ಹಾದು ಚೀಲ ಸೇರುತ್ತದೆ. ಏಳೂವರೆ ತಿಂಗಳಿಗೇ ಹುಟ್ಟಿದ ಮಗುವಿನಲ್ಲಿ ಈ ಪ್ರಯಾಣ ಅರ್ಧಕ್ಕೆ ನಿಂತಿರುವುದು ಸಹಜ. ಚೀಲದ ಬಿಸಿ ದೇಹದ ಒಳಬಿಸಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಕಡಿಮೆ ಇರುತ್ತದೆ, ವೃಷಣಕ್ಕೆ ಬೇಕಾದುದೂ ಆ ತಂಪೇ. ಮುಂದೆ ವೀರ್ಯಾಣುಗಳಾಗಬೇಕಾದ ಮೂಲಕೋಶಗಳು ಮಗುವಿನ ಮೊದಲ ವರ್ಷದಲ್ಲೇ ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಮಾಗುತ್ತವೆ. ಹೊಟ್ಟೆಯ ಅಥವಾ ತೊಡೆಸಂದಿನ ಬಿಸಿಯಲ್ಲಿ ಉಳಿದ ವೃಷಣದಲ್ಲಿ ಈ ಮಾಗುವಿಕೆ ಕುಂಠಿತವಾಗಿ, ವರ್ಷ ಕಳೆದಂತೆ ಕೋಶಗಳ ಸಂಖ್ಯೆ ಕುಸಿಯುತ್ತದೆ. ಐದನೇ ವಯಸ್ಸಿನಲ್ಲಿ ಚೀಲಕ್ಕೆ ಇಳಿಸಿದರೆ ವೃಷಣ ನೋಡಲು ಸರಿಯಾದ ಜಾಗದಲ್ಲಿರುತ್ತದೆ, ಆದರೆ ಅಷ್ಟರಲ್ಲಿ ಕಳೆದುಹೋದ ಕೋಶಗಳು ಮರಳಿ ಬರುವುದಿಲ್ಲ.

ಮನೆಯಲ್ಲಿ ನೋಡುವ ಕ್ರಮ

ಇದನ್ನು ಗುರುತಿಸಲು ಯಂತ್ರವೇನೂ ಬೇಡ, ಬೆಚ್ಚಗಿನ ಕೈ ಸಾಕು. ಎಣ್ಣೆ ಹಚ್ಚಿ ಬಿಸಿನೀರು ಎರೆದ ಬಳಿಕ ಮಗು ಸಮಾಧಾನವಾಗಿ ಮಲಗಿರುವ ಹೊತ್ತೇ ಇದಕ್ಕೆ ಅತ್ಯುತ್ತಮ. ತಣ್ಣನೆಯ ಕೈ ತಾಗಿದರೆ, ಮಗು ಅತ್ತರೆ ಅಥವಾ ಗಾಳಿ ಬೀಸಿದರೆ ವೃಷಣವನ್ನು ಮೇಲಕ್ಕೆ ಎಳೆಯುವ ಸ್ನಾಯು ಕುಗ್ಗುತ್ತದೆ, ಇದ್ದದ್ದೂ ಇಲ್ಲದಂತೆ ಕಾಣುತ್ತದೆ. ಮಗುವನ್ನು ಅಂಗಾತ ಮಲಗಿಸಿ ಕಾಲುಗಳನ್ನು ಮಡಿಸಿ ಅಗಲಿಸಿ; ಸ್ವಲ್ಪ ದೊಡ್ಡವನಾಗಿದ್ದರೆ ಚಕ್ಕಳಮಕ್ಕಳ ಹಾಕಿ ಕೂರಿಸಿ. ಮೊದಲು ಕಣ್ಣಿನಿಂದ ನೋಡಿ. ಚೀಲದ ಎರಡೂ ಬದಿ ಸಮವಾಗಿ ತುಂಬಿಕೊಂಡಿದೆಯೇ, ಅಥವಾ ಒಂದು ಬದಿ ಚಪ್ಪಟೆಯಾಗಿ, ನೆರಿಗೆಯಿಲ್ಲದೆ ನುಣುಪಾಗಿದೆಯೇ ಎಂಬುದು ಬರಿಗಣ್ಣಿಗೇ ತಿಳಿಯುತ್ತದೆ.

ಬಳಿಕ ಒಂದು ಕೈಯ ಬೆರಳುಗಳನ್ನು ಸೊಂಟದ ಮೂಳೆಯ ಮುಂತುದಿಯ ಒಳಬದಿಯಲ್ಲಿಟ್ಟು, ತೊಡೆಸಂದಿನ ಗೆರೆಯ ಗುಂಟ ನಿಧಾನವಾಗಿ, ಮೃದುವಾಗಿ ಒತ್ತುತ್ತ ಚೀಲದ ಕಡೆಗೆ ಜಾರಿಸಿ. ಬೆರಳಿಗೆ ಎಣ್ಣೆಯ ಪಸೆ ಇದ್ದರೆ ಒಳ್ಳೆಯದು. ಹೀಗೆ ಜಾರಿಸುವಾಗ ಹಲಸಂದೆ ಕಾಳಿನಷ್ಟು ದೊಡ್ಡ, ಮೆತ್ತನೆಯ, ಜಾರುವ ಒಂದು ಉಂಡೆ ಬೆರಳಿನಡಿ ಸಿಕ್ಕರೆ ಅದನ್ನು ಇನ್ನೊಂದು ಕೈಯಿಂದ ಚೀಲದೊಳಕ್ಕೆ ತಂದು ಅರೆ ನಿಮಿಷ ಹಾಗೆಯೇ ಹಿಡಿದು ಬಿಡಿ. ಬಿಟ್ಟ ಮೇಲೂ ಅದು ಚೀಲದಲ್ಲೇ ಕುಳಿತರೆ ಅದು ಸ್ನಾಯುವಿನ ಎಳೆತಕ್ಕೆ ಮೇಲೆ ಕೆಳಗೆ ಓಡಾಡುವ ವೃಷಣ, ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ. ಬಿಟ್ಟ ಕೂಡಲೇ ಮೇಲಕ್ಕೆ ಜಿಗಿದರೆ, ಚೀಲದ ತನಕ ಬಾರದೇ ಹೋದರೆ, ಅಥವಾ ಎಲ್ಲೂ ಕೈಗೆ ಸಿಗದಿದ್ದರೆ ವೈದ್ಯರು ನೋಡಬೇಕು. ಒತ್ತಿ ಹಿಂಡುವ ಅಗತ್ಯವಿಲ್ಲ. ಬಾಣಂತಿ ಕೂಸಿಗೆ ನೀರೆರೆಯುವವರು ‘ನಾನು ತಿಕ್ಕಿ ಇಳಿಸುತ್ತೇನೆ’ ಎಂದು ಹೊರಟರೆ ತಡೆಯಿರಿ. ತಿಕ್ಕುವುದರಿಂದ ವೃಷಣ ಇಳಿಯುವುದಿಲ್ಲ, ಪೆಟ್ಟು ಬೀಳುವ ಸಂಭವವೇ ಹೆಚ್ಚು.

ಓಡಾಡುವ ವೃಷಣದ ವಿಷಯದಲ್ಲಿ ಒಂದು ಎಚ್ಚರಿಕೆಯಿದೆ. ಇವುಗಳಲ್ಲಿ ಕೆಲವು, ಮಗು ಎತ್ತರ ಬೆಳೆದಂತೆ, ಮೂರರಿಂದ ಹತ್ತು ವರ್ಷದ ನಡುವೆ ಮೇಲಕ್ಕೇ ಸರಿದು ಅಲ್ಲೇ ನಿಂತುಬಿಡುವುದುಂಟು. ಹುಟ್ಟಿದಾಗ ‘ಎರಡೂ ಸರಿಯಾಗಿವೆ’ ಎಂದು ಬರೆಸಿಕೊಂಡ ಹುಡುಗನಿಗೆ ಏಳನೇ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಹೇಳಿದರೆ ಮೊದಲ ವೈದ್ಯರು ತಪ್ಪು ಮಾಡಿದರೆಂದು ತೀರ್ಮಾನಿಸಬೇಕಿಲ್ಲ. ಇಂಥ ಮಕ್ಕಳನ್ನು ಪ್ರಾಯಕ್ಕೆ ಬರುವ ತನಕ ವರ್ಷಕ್ಕೊಮ್ಮೆ ತೋರಿಸುತ್ತಿರಬೇಕು.

ಯಾವ ದಿನಗಳಲ್ಲಿ ಕೇಳಬೇಕು

ಲಸಿಕೆಗೆಂದು ಆಸ್ಪತ್ರೆಗೆ ಹೋಗುವ ದಿನಗಳನ್ನೇ ಇದಕ್ಕೂ ಬಳಸಿಕೊಳ್ಳುವುದು ಸುಲಭ. ರಾಷ್ಟ್ರೀಯ ವೇಳಾಪಟ್ಟಿಯಂತೆ ಹುಟ್ಟಿದಾಗ, 6, 10 ಮತ್ತು 14 ವಾರಗಳಲ್ಲಿ ಲಸಿಕೆ ಇರುತ್ತದೆ. ಈ ನಾಲ್ಕೂ ಸಲ, ಸೂಜಿ ಚುಚ್ಚುವ ಮೊದಲೇ, ‘ವೃಷಣ ಎರಡೂ ಇಳಿದಿವೆಯೇ ನೋಡಿ’ ಎಂದು ಕೇಳಿ, ಏಕೆಂದರೆ ಚುಚ್ಚಿದ ಮೇಲೆ ಅಳುವ ಮಗುವಿನಲ್ಲಿ ಪರೀಕ್ಷೆ ಸಾಧ್ಯವಾಗುವುದಿಲ್ಲ. ಆದರೆ 14 ವಾರದ ಬಳಿಕ ಮುಂದಿನ ಲಸಿಕೆ ಬರುವುದು ಒಂಬತ್ತು ತಿಂಗಳಿಗೆ. ಅಂದರೆ ಶಸ್ತ್ರಚಿಕಿತ್ಸಕರನ್ನು ಕಾಣಬೇಕಾದ ಆರನೇ ತಿಂಗಳಲ್ಲೇ ಸರ್ಕಾರಿ ಪಟ್ಟಿಯಲ್ಲಿ ಭೇಟಿ ಇಲ್ಲ, ನೆನಪಿಸುವವರೂ ಇಲ್ಲ. ಅನೇಕ ಮಕ್ಕಳ ಪ್ರಕರಣ ಜಾರುವುದು ಈ ಸಂದಿಯಲ್ಲೇ ಎಂದು ನನ್ನ ಅನಿಸಿಕೆ. ಅನ್ನಪ್ರಾಶನ ಮಾಡುವ, ಮೇಲಾಹಾರ ಶುರುಮಾಡುವ ಕಾಲವೇ ಅದು. ಆ ವಾರ ಒಮ್ಮೆ ನೋಡಿ, ಇಳಿದಿಲ್ಲವಾದರೆ ಮುಂದಿನ ವಾರವೇ ವೈದ್ಯರ ಭೇಟಿಯ ದಿನ ಗೊತ್ತುಮಾಡಿಕೊಳ್ಳಿ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ಆರು ತಿಂಗಳನ್ನು ಹೆರಿಗೆಯ ದಿನದಿಂದ ಎಣಿಸದೆ, ಹೆರಿಗೆ ಆಗಬೇಕಿದ್ದ ದಿನದಿಂದ ಎಣಿಸುತ್ತಾರೆ. ಎಂಟು ವಾರ ಮೊದಲೇ ಹುಟ್ಟಿದವನಿಗೆ ಆರು ತಿಂಗಳ ಗಡುವು ಬರುವುದು ಹುಟ್ಟಿ ಸುಮಾರು ಎಂಟು ತಿಂಗಳಾದಾಗ.

ಕಾಯಲೇಬಾರದ ಸಂದರ್ಭಗಳು

ಹುಟ್ಟಿದ ಮಗುವಿನಲ್ಲಿ ಎರಡೂ ಕಡೆ ವೃಷಣ ಕೈಗೆ ಸಿಗದಿದ್ದರೆ ಆರು ತಿಂಗಳ ಲೆಕ್ಕ ಅನ್ವಯಿಸುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಹೋಗುವ ಮುನ್ನವೇ ತಪಾಸಣೆಯಾಗಬೇಕು. ಗಂಡೆಂದು ಕಾಣುವ ಆ ಮಗು ವರ್ಣತಂತುಗಳ ಪ್ರಕಾರ ಹೆಣ್ಣಾಗಿದ್ದು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹುಟ್ಟುದೋಷದಿಂದ ಗಂಡು ಹಾರ್ಮೋನು ಅತಿಯಾಗಿ ಉತ್ಪತ್ತಿಯಾಗಿ ಜನನಾಂಗದ ರೂಪ ಬದಲಾಗಿರುವ ಸಾಧ್ಯತೆಯಿದೆ. ಈ ದೋಷದ ತೀವ್ರ ರೂಪದಲ್ಲಿ ದೇಹದ ಉಪ್ಪಿನಂಶ ಮೂತ್ರದಲ್ಲಿ ಸೋರಿಹೋಗಿ, ಮೊದಲ ಮೂರು ವಾರಗಳೊಳಗೆ ಮಗು ವಾಂತಿ, ನಿತ್ರಾಣ, ನಿರ್ಜಲತೆಗೆ ತುತ್ತಾಗಿ ಪ್ರಾಣಾಪಾಯಕ್ಕೆ ಸಿಲುಕಬಹುದು. ರಕ್ತದ ಸೋಡಿಯಂ, ಪೊಟ್ಯಾಸಿಯಂ, 17-ಹೈಡ್ರಾಕ್ಸಿ ಪ್ರೊಜೆಸ್ಟರಾನ್ ಪರೀಕ್ಷೆ ಮತ್ತು ವರ್ಣತಂತು ಪರೀಕ್ಷೆಯಿಂದ ಇದು ತಿಳಿಯುತ್ತದೆ. ಹೈಡ್ರೊಕಾರ್ಟಿಸೋನ್ ಮೊದಲಾದ ಔಷಧಗಳಿಂದ ಮಗುವನ್ನು ಉಳಿಸಿಕೊಳ್ಳಬಹುದು. ತಪಾಸಣೆ ಮುಗಿಯುವ ತನಕ ಇಂಥ ಮಗುವಿಗೆ ಸುನ್ನತಿ ಮಾಡಿಸಬಾರದು. ವೃಷಣ ಇಳಿಯದಿರುವ ಜೊತೆಗೆ ಮೂತ್ರದ ರಂಧ್ರ ಶಿಶ್ನದ ತುದಿಯಲ್ಲಿರದೆ ಕೆಳಬದಿಯಲ್ಲಿದ್ದರೂ ಹಾರ್ಮೋನು ಮತ್ತು ವರ್ಣತಂತು ತಪಾಸಣೆ ಬೇಕಾಗುತ್ತದೆ.

ತೊಡೆಸಂದಿನಲ್ಲಿ ಅತ್ತಾಗ ಉಬ್ಬು ಬಂದು ಹೋಗುತ್ತಿದ್ದರೆ ಅದು ಹರ್ನಿಯ. ಉಬ್ಬು ಗಟ್ಟಿಯಾಗಿ ಒಳಹೋಗದೆ, ಮಗು ವಾಂತಿ ಮಾಡಿಕೊಂಡರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ವೃಷಣ ತಿರುಚಿಕೊಂಡರೂ ಅಷ್ಟೇ ತುರ್ತು. ಚೀಲ ಅಥವಾ ತೊಡೆಸಂದು ಹಠಾತ್ತನೆ ಕೆಂಪಾಗಿ ಊದಿ ಮುಟ್ಟಗೊಡದಂತೆ ನೋಯುತ್ತದೆ. ವೃಷಣ ಉಳಿಯಬೇಕಾದರೆ ಸುಮಾರು ಆರು ಗಂಟೆಯೊಳಗೆ ರಕ್ತಸಂಚಾರ ಮರಳಬೇಕು. ದೊಡ್ಡ ಹುಡುಗರು ನಾಚಿಕೆಯಿಂದ ‘ಹೊಟ್ಟೆನೋವು’ ಎಂದಷ್ಟೇ ಹೇಳುವುದುಂಟು, ಹೀಗಾಗಿ ಹೊಟ್ಟೆನೋವೆನ್ನುವ ಹುಡುಗನ ಚಡ್ಡಿ ಬಿಚ್ಚಿ ನೋಡುವುದನ್ನು ಮರೆಯಬಾರದು. ಚೀಲದಲ್ಲಿ ಬರಿಯ ನೀರು ತುಂಬಿಕೊಂಡಿದ್ದರೆ, ಹರ್ನಿಯ ಇಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ, ಒಂದೆರಡು ವರ್ಷ ಕಾಯಬಹುದು. ಬಹುತೇಕ ತಾನಾಗಿಯೇ ಇಂಗುತ್ತದೆ.

ವೈದ್ಯರ ಕೋಣೆಯಲ್ಲಿ

ಮಕ್ಕಳ ಶಸ್ತ್ರಚಿಕಿತ್ಸಕರು, ಇಲ್ಲವೇ ಮಕ್ಕಳ ಮೂತ್ರಾಂಗ ಶಸ್ತ್ರಚಿಕಿತ್ಸೆಯಲ್ಲಿ ಪಳಗಿದವರು ಇದನ್ನು ನೋಡುವುದು ಮೇಲು. ಎಳೆಯ ಮಗುವಿನ ವೀರ್ಯನಾಳ ಮತ್ತು ರಕ್ತನಾಳಗಳು ದಾರದಷ್ಟು ತೆಳು, ಅರಿವಳಿಕೆಯೂ ಎಳೆಮಕ್ಕಳಿಗೆ ಒಗ್ಗುವ ರೀತಿಯದ್ದಾಗಿರಬೇಕು. ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಸಂಸ್ಥೆಗಳಲ್ಲಿಯೂ ದೊಡ್ಡ ವೈದ್ಯಕೀಯ ಕಾಲೇಜುಗಳಲ್ಲಿಯೂ ಈ ವಿಭಾಗ ಇರುತ್ತದೆ. ಜಿಲ್ಲಾಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು ಹೋದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖರ್ಚು ಎಷ್ಟು ಭರಿಸಲ್ಪಡುತ್ತದೆ ಎಂಬುದನ್ನು ದಾಖಲಾಗುವ ಮುಂಚೆಯೇ ಕೇಳಿಕೊಳ್ಳಬಹುದು. ಖಾಸಗಿ ವಿಮೆಯಿದ್ದರೆ ಹುಟ್ಟುದೋಷಗಳ ಬಗ್ಗೆ ಪಾಲಿಸಿಯಲ್ಲಿ ಏನಿದೆ ಎಂದು ಓದಿಕೊಳ್ಳಿ, ಇದೇ ಹೆಸರಿನಲ್ಲಿ ಬೇಡಿಕೆ ತಿರಸ್ಕರಿಸುವ ಸಂದರ್ಭಗಳು ಬರುತ್ತವೆ.

ಮೊದಲ ಭೇಟಿಗೇ ಸ್ಕ್ಯಾನಿಂಗ್ ವರದಿ ಹಿಡಿದುಕೊಂಡು ಹೋಗಬೇಕೆಂದು ಅನೇಕರು ಭಾವಿಸುತ್ತಾರೆ. ಅದು ಅನಗತ್ಯ. ಅಲ್ಟ್ರಾಸೌಂಡ್ ಹೊಟ್ಟೆಯೊಳಗಿನ ವೃಷಣವನ್ನು ಅನೇಕ ಸಲ ಗುರುತಿಸುವುದಿಲ್ಲ, ‘ವೃಷಣ ಕಾಣಿಸುತ್ತಿಲ್ಲ’ ಎಂಬ ವರದಿಯಿಂದ ವೃಷಣ ಇಲ್ಲವೆಂದು ಹೇಳಲೂ ಆಗುವುದಿಲ್ಲ. ಅನುಭವಿಯ ಬೆರಳು ಸ್ಕ್ಯಾನ್‌ಗಿಂತ ಹೆಚ್ಚು ಹೇಳುತ್ತದೆ ಎಂಬ ಕಾರಣಕ್ಕೇ ಅಮೆರಿಕದ ಮೂತ್ರಾಂಗ ತಜ್ಞರ ಸಂಘ 2014ರ ಮಾರ್ಗಸೂಚಿಯಲ್ಲಿ, ತಜ್ಞರ ಬಳಿಗೆ ಕಳುಹಿಸುವ ಮೊದಲು ಸ್ಕ್ಯಾನ್ ಮಾಡಿಸಬೇಡಿ ಎಂದಿತು. ಅದೇ ಮಾರ್ಗಸೂಚಿ ವೃಷಣ ಇಳಿಸಲೆಂದು ಹಾರ್ಮೋನು ಚುಚ್ಚುಮದ್ದು ಕೊಡುವುದನ್ನೂ ಬೇಡವೆನ್ನುತ್ತದೆ. ಇಳಿಯುವುದು ಕೆಲವರಲ್ಲಷ್ಟೇ, ಇಳಿದದ್ದು ಮತ್ತೆ ಮೇಲೇರುವುದೂ ಇದೆ. ಯಾರಾದರೂ ಚುಚ್ಚುಮದ್ದಿನ ಸರಣಿಯನ್ನೇ ಬರೆದುಕೊಟ್ಟರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ.

ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ

ಹತ್ತರಲ್ಲಿ ಎಂಟು ಮಕ್ಕಳಲ್ಲಿ ವೃಷಣ ಕೈಗೆ ಸಿಗುವಂತೆ ತೊಡೆಸಂದಿನಲ್ಲೋ ಚೀಲದ ಬಾಯಲ್ಲೋ ಇರುತ್ತದೆ. ಇವರಿಗೆ ಮಾಡುವುದು ‘ಆರ್ಕಿಡೊಪೆಕ್ಸಿ’. ಮಗುವಿಗೆ ಪೂರ್ಣ ಅರಿವಳಿಕೆ ಕೊಟ್ಟು, ನೋವು ತಡೆಯಲು ಸೊಂಟದ ಕೆಳಭಾಗದಲ್ಲಿ ಒಂದು ಚುಚ್ಚುಮದ್ದನ್ನೂ ಸಾಮಾನ್ಯವಾಗಿ ಕೊಡುತ್ತಾರೆ. ತೊಡೆಸಂದಿನ ಚರ್ಮದ ಮಡಿಕೆಯಲ್ಲಿ ಎರಡು-ಮೂರು ಸೆಂಟಿಮೀಟರಿನ ಗಾಯ ಮಾಡಿ ವೃಷಣವನ್ನು ಹುಡುಕಿ, ಅದಕ್ಕೆ ಅಂಟಿಕೊಂಡು ಬಂದಿರುವ ಹರ್ನಿಯದ ತೆಳುಪೊರೆಯನ್ನು ರಕ್ತನಾಳ ಮತ್ತು ವೀರ್ಯನಾಳಗಳಿಂದ ಎಳೆಎಳೆಯಾಗಿ ಬಿಡಿಸಿ ಕಟ್ಟುತ್ತಾರೆ. ವೃಷಣಕ್ಕೆ ಚೀಲ ಮುಟ್ಟುವಷ್ಟು ಉದ್ದ ದೊರೆಯುವುದು ಈ ಬಿಡಿಸುವಿಕೆಯಿಂದಲೇ. ಶಸ್ತ್ರಚಿಕಿತ್ಸೆಯ ಯಶಸ್ಸು ಬಹುಪಾಲು ನಿಂತಿರುವುದೂ ಇದರ ಮೇಲೆ. ಬಳಿಕ ಚೀಲದ ಚರ್ಮಕ್ಕೂ ಅದರಡಿಯ ತೆಳು ಸ್ನಾಯುವಿಗೂ ನಡುವೆ ಒಂದು ಜೇಬು ಮಾಡಿ ವೃಷಣವನ್ನು ಅಲ್ಲಿ ಕೂರಿಸುತ್ತಾರೆ. ಹೊಲಿಗೆಗಳು ತಾವಾಗಿ ಕರಗುವಂಥವು. ಹೆಚ್ಚಿನ ಮಕ್ಕಳು ಅದೇ ದಿನ ಅಥವಾ ಮರುದಿನ ಮನೆಗೆ ಹೋಗುತ್ತಾರೆ. ಕೈಗೆ ಸಿಗುವ ವೃಷಣದಲ್ಲಿ ಯಶಸ್ಸಿನ ಪ್ರಮಾಣ ನೂರಕ್ಕೆ 95ಕ್ಕೂ ಹೆಚ್ಚು.

ಕೈಗೆ ಸಿಗದ ವೃಷಣಕ್ಕೆ ಲ್ಯಾಪರೊಸ್ಕೋಪಿ ಬೇಕು. ಅರಿವಳಿಕೆ ಕೊಟ್ಟ ಮೇಲೆ ವೈದ್ಯರು ಮತ್ತೊಮ್ಮೆ ಕೈಯಿಂದ ಪರೀಕ್ಷಿಸುತ್ತಾರೆ, ಸ್ನಾಯು ಸಡಿಲಗೊಂಡಾಗ ಕೆಲವು ವೃಷಣಗಳು ಕೈಗೆ ಸಿಕ್ಕಿಬಿಡುತ್ತವೆ. ಆಗಲೂ ಸಿಗದಿದ್ದರೆ ಹೊಕ್ಕುಳ ಬಳಿ ಕ್ಯಾಮೆರಾ ಇರುವ ತೆಳು ಕೊಳವೆ ತೂರಿಸಿ ಹೊಟ್ಟೆಯೊಳಗೆ ನೋಡುತ್ತಾರೆ. ರಕ್ತನಾಳಗಳು ಹೊಟ್ಟೆಯೊಳಗೇ ಕುರುಡಾಗಿ ಮುಗಿದಿದ್ದರೆ ಆ ವೃಷಣ ಗರ್ಭದಲ್ಲಿದ್ದಾಗಲೇ ತಿರುಚಿ ನಶಿಸಿದೆ ಎಂದರ್ಥ, ಆ ಬದಿಗೆ ಬೇರೆ ಶಸ್ತ್ರಚಿಕಿತ್ಸೆ ಬೇಡ. ನಾಳಗಳು ತೊಡೆಸಂದಿನ ಕಾಲುವೆಯೊಳಕ್ಕೆ ಹೋಗಿದ್ದರೆ ಅಲ್ಲಿ ತೆರೆದು ನೋಡುತ್ತಾರೆ. ವೃಷಣ ಹೊಟ್ಟೆಯಲ್ಲೇ ಇದ್ದು ಅದರ ರಕ್ತನಾಳ ಗಿಡ್ಡವಾಗಿದ್ದರೆ ಎರಡು ಹಂತಗಳಲ್ಲಿ ಇಳಿಸಬೇಕಾಗಬಹುದು. ಮೊದಲ ಹಂತದಲ್ಲಿ ಗಿಡ್ಡ ರಕ್ತನಾಳವನ್ನು ಕತ್ತರಿಸಿ, ವೀರ್ಯನಾಳದ ಜೊತೆ ಬರುವ ಇನ್ನೊಂದು ಸಣ್ಣ ರಕ್ತನಾಳ ಬಲಿಯಲು ಸುಮಾರು ಆರು ತಿಂಗಳು ಬಿಟ್ಟು, ಎರಡನೇ ಹಂತದಲ್ಲಿ ಚೀಲಕ್ಕೆ ತರುತ್ತಾರೆ. 1959ರಲ್ಲಿ ಆಸ್ಟ್ರೇಲಿಯದ ಫೌಲರ್ ಮತ್ತು ಸ್ಟೀಫನ್ಸ್ ವಿವರಿಸಿದ ತತ್ತ್ವದಿಂದ ಬೆಳೆದ ವಿಧಾನವಿದು. ಇಲ್ಲಿ ವೃಷಣ ಒಣಗುವ ಅಪಾಯ ಮಾಮೂಲಿ ಆರ್ಕಿಡೊಪೆಕ್ಸಿಗಿಂತ ಹೆಚ್ಚು, ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಈ ಬಗ್ಗೆ ನೇರವಾಗಿ ಕೇಳಿ.

ಹಿಂದಿನ ದಿನದ ಸಿದ್ಧತೆಯಲ್ಲಿ ಹಸಿವಿನ ನಿಯಮವೇ ಮುಖ್ಯ. ಸಾಮಾನ್ಯ ಕ್ರಮದಂತೆ ಹಸುವಿನ ಹಾಲು, ಡಬ್ಬಿ ಹಾಲು ಮತ್ತು ಲಘು ಆಹಾರಕ್ಕೆ ಅರಿವಳಿಕೆಗೆ 6 ಗಂಟೆ ಮೊದಲು, ಎದೆಹಾಲಿಗೆ 4 ಗಂಟೆ ಮೊದಲು, ತಿಳಿನೀರಿಗೆ 2 ಗಂಟೆ ಮೊದಲು ತೆರೆ ಎಳೆಯಬೇಕು. ನಿಮ್ಮ ಅರಿವಳಿಕೆ ತಜ್ಞರು ಬೇರೆ ಸಮಯ ಹೇಳಿದರೆ ಅದೇ ಅಂತಿಮ. ಅತ್ತಾಗ ಪಾಪವೆಂದು ಅಜ್ಜಿ ಗುಟ್ಟಾಗಿ ಒಂದು ಚಮಚ ಹಾಲು ಕುಡಿಸಿದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಹಾಗೇನಾದರೂ ಆಗಿದ್ದರೆ ಮುಚ್ಚಿಡದೆ ಹೇಳಿ, ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋದರೆ ಹೋಗಲಿ. ನೆಗಡಿ, ಕೆಮ್ಮು, ಜ್ವರವಿದ್ದರೂ ಮೊದಲೇ ತಿಳಿಸಬೇಕು.

ಮನೆಗೆ ಬಂದ ಮೇಲೆ

ಮೊದಲ ಎರಡು-ಮೂರು ದಿನ ಚೀಲ ಊದಿ ನೀಲಿಗಟ್ಟಿದಂತೆ ಕಾಣುವುದು ನಿರೀಕ್ಷಿತವೇ. ವೈದ್ಯರು ಹೇಳಿದ ಪ್ಯಾರಾಸಿಟಮಾಲನ್ನು ಮಗುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ, ಮಗು ಅಳುವ ತನಕ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಿ. ಗಾಯ ಒದ್ದೆಯಾಗದಂತೆ ಎಷ್ಟು ದಿನ ಕಾಯಬೇಕೆಂದು ಕೇಳಿಕೊಂಡು ಬನ್ನಿ, ಅಲ್ಲಿಯ ತನಕ ಮೈ ಒರೆಸಿದರೆ ಸಾಕು. ಗಾಯದ ಮೇಲೆ ಎಣ್ಣೆ, ಅರಿಶಿನ, ಪುಡಿ ಯಾವುದೂ ಬೇಡ. ನಡೆಯುವುದಕ್ಕೆ, ತೆವಳುವುದಕ್ಕೆ ಅಡ್ಡಿಯಿಲ್ಲ. ಆದರೆ ಕೂಸನ್ನು ಕಂಕುಳಲ್ಲಿ ಕಾಲು ಅಗಲಿಸಿ ಎತ್ತಿಕೊಳ್ಳುವುದು, ಮೂರುಗಾಲಿ ಸೈಕಲ್, ಆಟದ ಕುದುರೆ, ವಾಕರ್ ಇವನ್ನು ಎರಡು-ಮೂರು ವಾರ ದೂರವಿಡಬೇಕು; ಚೀಲಕ್ಕೆ ಒತ್ತಡ ಬಿದ್ದರೆ ಹೊಲಿಗೆ ಜಾರಿ ವೃಷಣ ಮೇಲೇರಬಹುದು. ನಮ್ಮಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಮನೆಗೆಲಸ ಮಾಡುವ ರೂಢಿಯಿರುವುದರಿಂದ ಮನೆಮಂದಿಗೆಲ್ಲ ಇದನ್ನು ಹೇಳಿಡುವುದು ಒಳ್ಳೆಯದು. ಜ್ವರ, ಕೀವು, ಹೆಚ್ಚುತ್ತಲೇ ಹೋಗುವ ಊತ, ನಿಲ್ಲದ ವಾಂತಿ ಕಂಡರೆ ಭೇಟಿಯ ದಿನಕ್ಕೆ ಕಾಯಬಾರದು.

ಕೆಲವು ವಾರಗಳ ಬಳಿಕ ಗಾಯವನ್ನು, ಆರು ತಿಂಗಳಿಂದ ಒಂದು ವರ್ಷದೊಳಗೆ ವೃಷಣದ ಗಾತ್ರ ಮತ್ತು ಜಾಗವನ್ನು ತೋರಿಸಬೇಕು. ಎರಡನೆಯ ಭೇಟಿಯನ್ನು ತಪ್ಪಿಸುವವರೇ ಹೆಚ್ಚು. ವೃಷಣ ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ಎಂಬುದು ಗೊತ್ತಾಗುವುದು ಆಗಲೇ.

ಮುಂದಿನ ಬದುಕಿನ ಬಗ್ಗೆ ತಂದೆತಾಯಿಗೆ ಎರಡು ಪ್ರಶ್ನೆಗಳಿರುತ್ತವೆ. ಮಕ್ಕಳಾಗುತ್ತವೆಯೇ ಎಂಬುದು ಮೊದಲನೆಯದು. ಒಂದೇ ಬದಿಯ ದೋಷವಿದ್ದು ಶಸ್ತ್ರಚಿಕಿತ್ಸೆಯಾದವರಲ್ಲಿ ನೂರಕ್ಕೆ ಸುಮಾರು 90 ಮಂದಿ ತಂದೆಯಾಗುತ್ತಾರೆ, ಇದು ಉಳಿದ ಗಂಡಸರ ಪ್ರಮಾಣಕ್ಕೆ ತೀರ ಹತ್ತಿರ. ಎರಡೂ ಬದಿಯದಾದರೆ ಈ ಪ್ರಮಾಣ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ಇಳಿಯುತ್ತದೆ. ಕ್ಯಾನ್ಸರ್ ಬರುತ್ತದೆಯೇ ಎಂಬುದು ಎರಡನೆಯದು. ಈ ದೋಷಕ್ಕೆ ಶಸ್ತ್ರಚಿಕಿತ್ಸೆಯಾದ ಸುಮಾರು 17 ಸಾವಿರ ಸ್ವೀಡನ್ ಗಂಡಸರನ್ನು ಗಮನಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 13 ವರ್ಷಕ್ಕೆ ಮೊದಲು ಚಿಕಿತ್ಸೆಯಾದವರಿಗೆ ವೃಷಣದ ಕ್ಯಾನ್ಸರ್ ಅಪಾಯ ಸಾಮಾನ್ಯರ 2 ಪಟ್ಟಿಗಿಂತ ತುಸು ಹೆಚ್ಚು, ಆಮೇಲೆ ಆದವರಿಗೆ 5 ಪಟ್ಟಿಗಿಂತ ಹೆಚ್ಚು ಎಂದು ಕಂಡುಬಂತು. ಪಟ್ಟು ಕೇಳಿ ಗಾಬರಿಯಾಗಬೇಕಿಲ್ಲ. ಭಾರತದಲ್ಲಿ ಈ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬರಿಗಿಂತ ಕಡಿಮೆ ಜನರಲ್ಲಿ ಕಾಣುವಷ್ಟು ವಿರಳ, ಬೇಗ ಕಂಡುಹಿಡಿದರೆ ಬಹುತೇಕ ಪೂರ್ಣ ಗುಣವಾಗುವಂಥದು. ಹುಡುಗನಿಗೆ ಹದಿನಾಲ್ಕು-ಹದಿನೈದು ವರ್ಷವಾದಾಗ, ಸ್ನಾನದ ವೇಳೆ ತಿಂಗಳಿಗೊಮ್ಮೆ ಎರಡೂ ವೃಷಣಗಳನ್ನು ಮುಟ್ಟಿ ನೋಡಿಕೊಂಡು ಗಟ್ಟಿ ಗಂಟೇನಾದರೂ ಇದ್ದರೆ ಹೇಳುವಂತೆ ತಿಳಿಸಬೇಕು. ಚಿಕ್ಕಂದಿನಲ್ಲಿ ಶಸ್ತ್ರಚಿಕಿತ್ಸೆಯಾಗಿತ್ತು ಎಂಬ ವಿಷಯವೇ ಗೊತ್ತಿರದ ಯುವಕ ಇದನ್ನು ಮಾಡುವುದು ಸಾಧ್ಯವಿಲ್ಲ, ಆದ್ದರಿಂದ ಡಿಸ್ಚಾರ್ಜ್ ಸಾರಾಂಶವನ್ನು ಜೋಪಾನವಾಗಿಟ್ಟು ಆ ವಯಸ್ಸಿನಲ್ಲಿ ಅವನ ಕೈಗೇ ಕೊಡಿ.

ಒಂದೇ ವೃಷಣ ಉಳಿದ ಹುಡುಗನ ಪ್ರಾಯದ ಬೆಳವಣಿಗೆಗೆ ಅದೊಂದೇ ಸಾಕಾಗುತ್ತದೆ. ಕ್ರಿಕೆಟ್, ಕಬಡ್ಡಿ, ಕರಾಟೆ ಆಡುವಾಗ ರಕ್ಷಾಕವಚ ತೊಡುವ ಅಭ್ಯಾಸ ಮಾಡಿಸಿದರೆ ಆಯಿತು. ಖಾಲಿ ಚೀಲದಿಂದ ಸಂಕೋಚವಾದರೆ ಪ್ರಾಯಕ್ಕೆ ಬಂದ ಮೇಲೆ ಸಿಲಿಕೋನಿನ ಕೃತಕ ವೃಷಣ ಇಡಿಸಿಕೊಳ್ಳಬಹುದು. ಇದಕ್ಕೆ ವಿರುದ್ಧವಾಗಿ, ಎರಡೂ ವೃಷಣಗಳು ಚೀಲದಲ್ಲೇ ಇದ್ದರೂ ಪ್ರಾಯ ಬಂದಾಗ ಚಿಕ್ಕದಾಗಿ, ಗಟ್ಟಿಯಾಗಿ ಉಳಿದುಕೊಂಡರೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ ಇರಬಹುದು. ಒಂದು ಎಕ್ಸ್ ವರ್ಣತಂತು ಹೆಚ್ಚಿರುವ ಈ ಸ್ಥಿತಿ ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ, ಅದನ್ನು ಹಾರ್ಮೋನು ತಜ್ಞರು ನೋಡಬೇಕು.

ಈ ಬರಹ ಓದುತ್ತ ‘ನನಗೂ ಒಂದೇ ಇದೆಯಲ್ಲ’ ಎಂದುಕೊಳ್ಳುವ ವಯಸ್ಕರೂ ಇರುತ್ತಾರೆ. ಶಸ್ತ್ರಚಿಕಿತ್ಸೆಯೇ ಆಗದೆ ಪ್ರಾಯ ದಾಟಿದವರಲ್ಲಿ ಮೇಲುಳಿದ ವೃಷಣದಿಂದ ವೀರ್ಯಾಣು ಉತ್ಪಾದನೆ ಬಹುತೇಕ ಇರುವುದಿಲ್ಲ, ಕ್ಯಾನ್ಸರ್ ಅಪಾಯ ಮಾತ್ರ ಉಳಿದಿರುತ್ತದೆ. ಇನ್ನೊಂದು ವೃಷಣ ಸರಿಯಾಗಿದ್ದರೆ ಅದನ್ನು ತೆಗೆಸುವುದು ಮೇಲೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ವಯಸ್ಸು ಐವತ್ತರ ಆಸುಪಾಸಿನದಾದರೆ, ಅಥವಾ ಅರಿವಳಿಕೆಗೆ ಅಡ್ಡಿಯಾಗುವ ಬೇರೆ ಕಾಯಿಲೆಗಳಿದ್ದರೆ, ಹಾಗೆಯೇ ಬಿಟ್ಟು ನಿಗಾ ಇಡುವುದೂ ಉಂಟು. ಮೂತ್ರಾಂಗ ಶಸ್ತ್ರಚಿಕಿತ್ಸಕರನ್ನು ಒಮ್ಮೆ ಕಂಡು ಇದನ್ನು ನಿರ್ಧರಿಸಬೇಕು. ಮಕ್ಕಳಾಗುವ ಯೋಚನೆಯಿದ್ದರೆ ಅದೇ ಭೇಟಿಯಲ್ಲಿ ವೀರ್ಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬಹುದು.